ಕಿಟ್, ಎಂಡಿಎಫ್, ರಟ್ಟು: ಪುಟಾಣಿ ಹತ್ತಿ ಜಿನ್ ಮೂರು ಥರ ಕಟ್ಟಿ ನೋಡಿದೆ

ಹುಬ್ಬಳ್ಳಿಯಲ್ಲಿ ಮಾದರಿ ರೈಲು ಕಟ್ಟುತ್ತೇನೆ ಅಂದರೆ ಎಲ್ಲರೂ ಕೇಳುವುದು ಒಂದೇ: "ನಮ್ಮ ಉದ್ದನೆ ಪ್ಲಾಟ್‌ಫಾರ್ಮ್ ಮಾಡಿಲ್ವಾ?" ಅದು 1507 ಮೀಟರ್. ನನ್ನದು ಎಚ್‌ಓ ಅಳತೆ, ಅಂದರೆ 87ರಲ್ಲಿ ಒಂದು ಪಾಲು. ಅಷ್ಟು ಇಳಿಸಿದರೂ 17 ಮೀಟರ್ ದಾಟುತ್ತದೆ. ನಮ್ಮ ಮನೆಯೇ ಅಷ್ಟು ಉದ್ದ ಇಲ್ಲ! ಹಾಗಾಗಿ ಸ್ಟೇಷನ್ ಬಿಟ್ಟೆ. ಗದಗಿನ ಕಡೆಯ ಹಳೇ ಹತ್ತಿ ಜಿನ್, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ ಥರದ್ದೊಂದು, ಪಕ್ಕಕ್ಕೆ ಗೂಡ್ಸ್ ಗಾಡಿ ನಿಲ್ಲುವ ಪಕ್ಕದ ಹಳಿ (ಸೈಡಿಂಗ್), ಇಷ್ಟು ಸಾಕು ಅಂದುಕೊಂಡೆ.

ಮೊದಲು ತರಿಸಿದ್ದು ವಿದೇಶಿ ಪ್ಲಾಸ್ಟಿಕ್ ಕಿಟ್, ಬಿಡಿಭಾಗ ಅಂಟಿಸಿ ಕಟ್ಟಡ ಮಾಡುವಂಥದ್ದು. ಮೂಲೆಗಳು ಸರಿಯಾಗಿ ಕೂಡುತ್ತವೆ, ಕಿಟಕಿಯ ಸರಳುಗಳಂತೂ ದಾರದಷ್ಟು ಸಣ್ಣ. ಆದರೆ ಚಪ್ಪಟೆ ಚಾವಣಿ, ಅದರ ಮೇಲೆ ಕಟ್ಟಿಗೆಯ ನೀರಿನ ಟ್ಯಾಂಕು. ಮುಂದೆ ಎತ್ತಿನ ಚಕ್ಕಡಿ ನಿಲ್ಲಿಸಿದರೂ ಅದು ಅಮೆರಿಕಾನೇ. ದುಡ್ಡೂ ಜಾಸ್ತಿ, ಮೇಲೆ ಕಸ್ಟಮ್ಸ್ ಬೇರೆ. ಚಿಮಣಿ ಮಾತ್ರ ಎತ್ತಿಟ್ಟುಕೊಂಡೆ.

ಎರಡನೆಯದು 2 ಮಿಮೀ ಎಂಡಿಎಫ್, ಅಂದರೆ ಕಟ್ಟಿಗೆಯ ನಾರು ಒತ್ತಿ ಮಾಡಿದ ಹಲಗೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದು, ನೇಮ್‌ಪ್ಲೇಟ್ ಮಾಡುವ ಅಂಗಡಿಯಲ್ಲಿ ಲೇಸರ್ ಕಟಿಂಗ್ ಮಾಡಿಸಿದೆ. ಈ ಅಳತೆಯಲ್ಲಿ ಒಂದು ಅಡಿ ಅಂದರೆ 3.5 ಮಿಮೀ. ಏಳು ಅಡಿ ಬಾಗಿಲು 24.5 ಮಿಮೀ. ಕೈಯಲ್ಲಿ ಕೊಯ್ದರೆ ಅರ್ಧ ಮಿಮೀ ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ, ಲೇಸರ್ ತಪ್ಪುವುದಿಲ್ಲ. ಸುಟ್ಟ ಅಂಚುಗಳನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಬೇಕು, ಅಷ್ಟೆ. ಕೆಟ್ಟದ್ದು ಆಮೇಲೆ. ಸೈಡಿಂಗಿಗೆ ಜಲ್ಲಿ ಹಾಕಿ ಫೆವಿಕಾಲ್ ನೀರು ಬಿಟ್ಟೆ. ಬೆಳಗ್ಗೆ ನೋಡಿದರೆ ಗೋಡೆಯ ಬುಡ ನೆನೆಸಿದ ಅವಲಕ್ಕಿ ಥರ ಉಬ್ಬಿತ್ತು. ಅಂಚಿಗೆ ಮೊದಲೇ ವಾರ್ನಿಶ್ ಹೊಡೆದಿದ್ದರೆ ಉಳಿಯುತ್ತಿತ್ತು.

ಕೊನೆಗೆ ರಟ್ಟು. ಹಳೇ ಕ್ಯಾಲೆಂಡರಿನದ್ದು, ಎರಡು ಪದರ ಅಂಟಿಸಿದ್ದು, ಖರ್ಚಿಲ್ಲ. ಮಳೆಗಾಲದಲ್ಲಿ ಮೊದಲ ಗೋಡೆ ಹಪ್ಪಳದಂತೆ ಸುರುಟಿಕೊಂಡಿತು. ತಪ್ಪು ನನ್ನದೇ, ಒಂದೇ ಮಗ್ಗುಲಿಗೆ ಬಣ್ಣ ಬಳಿದಿದ್ದೆ. ಎರಡೂ ಕಡೆ ಬಳಿದು, ಒಳಗೆ ಐಸ್‌ಕ್ರೀಮ್ ಕಡ್ಡಿ ಅಡ್ಡ ಕೊಟ್ಟ ಮೇಲೆ ಅಲುಗಾಡಿಲ್ಲ.

ಆದರೆ ರಟ್ಟು ನಿಜವಾಗಿ ಗೆದ್ದದ್ದು ಚಾವಣಿಯಲ್ಲಿ. ಟೇಬಲ್ ಮೇಲಿನ ರೈಲನ್ನು ನಾವು ನೋಡುವುದು ನೃಪತುಂಗ ಬೆಟ್ಟದ ಮೇಲೆ ನಿಂತು ಊರು ನೋಡಿದ ಹಾಗೆ. ಗೋಡೆಗಿಂತ ಮೊದಲು ಹೆಂಚೇ ಕಾಣುತ್ತದೆ. ಎಂಡಿಎಫ್ ಮೇಲೆ ಲೇಸರಿನಲ್ಲಿ ಗೆರೆ ಕೊರೆಸಿದ್ದೆ. ಬಗ್ಗಿ ನೋಡಿದರೆ ಸುಮ್ನೆ ಗೆರೆ, ಏರಿಳಿತವೇ ಇಲ್ಲ. ತೆಳು ರಟ್ಟಿನ ಬಾಕ್ಸಿನ ಮೇಲಿನ ಕಾಗದವನ್ನು ಒದ್ದೆ ಮಾಡಿ ಸುಲಿದರೆ ಒಳಗೆ ಅಲೆ ಅಲೆ ಸಿಗುತ್ತದಲ್ಲ, ಅದರ ಅಲೆ ಸುಮಾರು 3 ಮಿಮೀ. 87ರಿಂದ ಗುಣಿಸಿ ನೋಡಿ, 26 ಸೆಂಮೀ. ಹೆಚ್ಚುಕಡಿಮೆ ಮಂಗಳೂರು ಹೆಂಚಿನ ಅಗಲ! ಅಲೆಗೆ ಅಡ್ಡಲಾಗಿ ಸಣ್ಣ ಪಟ್ಟಿ ಕತ್ತರಿಸಿ, ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಅಂಚು ಕೂರಿಸಿದೆ. ರೆಡ್ ಆಕ್ಸೈಡ್ ಬಣ್ಣ, ಮೇಲೆ ನೀರು ಬೆರೆಸಿದ ಕರಿ ಶಾಯಿ. ಸಂದಿಗೆ ಶಾಯಿ ಇಳಿದ ಮೇಲೆ ನಲವತ್ತು ಮಳೆಗಾಲ ಕಂಡ ಹೆಂಚಿನಂತಾಯಿತು.

ಎಂಜಿನ್ ರೂಮಿನ ತಗಡಿಗೆ ಈ ಅಲೆ ದಪ್ಪ. ಅಲ್ಲಿಗೆ ಊಟದ ಪಾರ್ಸಲ್ಲಿನ ಅಲ್ಯೂಮಿನಿಯಂ ಡಬ್ಬಿ ಕತ್ತರಿಸಿ, ಹೇನಿನ ಹಣಿಗೆಯ ಮೇಲಿಟ್ಟು ಖಾಲಿ ಬಾಲ್‌ಪೆನ್ನಿನಿಂದ ಗೀಚಿದೆ. ಹಣಿಗೆ ಯಾರದ್ದು ಅನ್ನೋದರ ಮೇಲೆ ಮನೆಯಲ್ಲಿ ಎರಡು ದಿನ ವಿಚಾರಣೆ ನಡೆಯಿತು.

ಈಗ ನಿಂತಿರುವುದು ಬೆರಕೆ ಜಿನ್: ಗೋಡೆ, ಚಾವಣಿ ರಟ್ಟಿನದ್ದು, ಕಿಟಕಿ ಬಾಗಿಲು ಎಂಡಿಎಫ್, ಚಿಮಣಿ ಕಿಟ್ಟಿನದ್ದು. ಹತ್ತಿಯ ಬೇಲುಗಳು (ಒತ್ತಿ ಕಟ್ಟಿದ ಮೂಟೆಗಳು) ಕಟ್ಟಿಗೆ ತುಂಡಿಗೆ ಗಾಯದ ಬಟ್ಟೆ ಸುತ್ತಿದವು. ಅಂಗಳದಲ್ಲಿ ನಿಜವಾದ ಹತ್ತಿ ಹರಡಿದ್ದೆ, ಮೋಡ ಇಳಿದಂತೆ ಕಂಡಿತು. ಅದನ್ನು ತೆಗೆದು ಬಿಳಿ ಚಾಕ್‌ಪೀಸ್ ಪುಡಿ ಉದುರಿಸಿದ ಮೇಲೇ ಅರಳೆ ಅನ್ನಿಸಿದ್ದು.