ಮುಳುಗಿದ ಹಡಗೋ, ಮುಳುಗಿದ ವಿಮಾನವೋ?

ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗುವ ಶೆಟ್ಟಿಹಳ್ಳಿ ಚರ್ಚ್ ನೋಡಿ ಬೆಳೆದ ಹಾಸನದವರಿಗೆ ನೀರೊಳಗಿನ ಅವಶೇಷದ ಮೇಲೆ ಆಸೆ ಜಾಸ್ತಿ, ಅಲ್ವಾ? ಮುರ್ಡೇಶ್ವರದಲ್ಲಿ ಡೈವಿಂಗ್ ಕಲಿತವರಿಗೆ ನನ್ನ ಮಾತು: ಮೊದಲು ಮುಳುಗಿದ ಹಡಗು ನೋಡಿ, ವಿಮಾನ ಆಮೇಲೆ.

ಬಾಲಿಯ ತುಲಂಬೆನ್‌ನಲ್ಲಿರುವ ‘ಲಿಬರ್ಟಿ’ ಹಡಗಿಗೆ 1942ರಲ್ಲಿ ಜಪಾನಿನ ಟಾರ್ಪಿಡೊ ಬಡಿಯಿತು. ದಡಕ್ಕೆ ಎಳೆದು ತಂದಿದ್ದ ಹಡಗನ್ನು 1963ರ ಅಗುಂಗ್ ಜ್ವಾಲಾಮುಖಿ ಮತ್ತೆ ನೀರಿಗೆ ತಳ್ಳಿತು. ದೋಣಿ ಬೇಡ, ಕಪ್ಪು ಗುಂಡುಕಲ್ಲಿನ ದಡದಿಂದಲೇ ಇಳಿಯಬಹುದು. ಸುಮಾರು 5 ಮೀಟರಿನಿಂದ 30 ಮೀಟರ್ ಆಳದವರೆಗೆ ಚಾಚಿದೆ. ತುಕ್ಕು ಹಿಡಿದ ಕಬ್ಬಿಣದ ಮೇಲೆ ಬೀಸಣಿಗೆಯಂಥ ಹವಳ ಬೆಳೆದಿದೆ. ಎಷ್ಟು ಸಲ ಇಳಿದರೂ ಹೊಸ ಮೂಲೆ ಸಿಗುತ್ತದೆ.

ಇನ್ನು ವಿಮಾನ: ಪೆಸಿಫಿಕ್ ಸಾಗರದ ಪಲಾವು ದೇಶದಲ್ಲಿ ಮುಳುಗಿರುವ, ನೀರಿನ ಮೇಲೆ ಇಳಿಯಬಲ್ಲ ಜಪಾನೀ ವಿಮಾನ (ಸೀಪ್ಲೇನ್) ‘ಜೇಕ್’ ಸುಮಾರು 15 ಮೀಟರ್ ಆಳದಲ್ಲಿದೆ. ರೆಕ್ಕೆ, ಕಾಕ್‌ಪಿಟ್ ಎಲ್ಲಾ ಒಂದೇ ನೋಟಕ್ಕೆ ಸಿಗುತ್ತವೆ. ಮನಸ್ಸು ಕಲಕುವ ನೋಟ, ಆದರೆ ಬೇಗ ಮುಗಿಯುತ್ತದೆ. ವಿಮಾನದ ತಗಡು ತೆಳು, ಸುಮ್ನೆ ಕೂಡ ಮುಟ್ಟಬೇಡಿ.