ಎಕ್ಸೆಲ್, ನೆಟ್‌ಲೋಗೋ, ಸಿಮ್‌ಪೈ: ಗುಡ್ಡ ಕುಸಿದ ದಿನದ ಲೆಕ್ಕ

ಪುಣೆಯಲ್ಲಿ ಮಳೆ ಜೋರಾದರೆ ನನಗೆ ಮಾಳೀಣ್ ನೆನಪಾಗುತ್ತದೆ. 2014ರ ಜುಲೈ 30ರಂದು ಆಂಬೇಗಾಂವ್ ತಾಲ್ಲೂಕಿನ ಆ ಊರಿನ ಮೇಲೆ ಗುಡ್ಡ ಕುಸಿದು 150ಕ್ಕೂ ಹೆಚ್ಚು ಜನ ಸತ್ತರು. ಹಾಗೆ ಮತ್ತೊಮ್ಮೆ ಆದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಗತಿ ಏನು? ಒಬ್ಬರೇ ಡಾಕ್ಟರು, 6 ಹಾಸಿಗೆ, 2 ಆಂಬುಲೆನ್ಸ್, 40 ಗಾಯಾಳುಗಳು ಎಂದು ನಾನೇ ಅಂದಾಜು ಇಟ್ಟುಕೊಂಡು, ಮೂರು ಥರ ಲೆಕ್ಕ ಹಾಕಿ ನೋಡಿದೆ.

ಎಕ್ಸೆಲ್ ಹತ್ತೇ ನಿಮಿಷದಲ್ಲಿ ಉತ್ತರ ಕೊಟ್ಟಿತು. ಗಂಟೆಗೆ 10 ಜನ ಬರುತ್ತಾರೆ, ಒಬ್ಬರಿಗೆ 6 ನಿಮಿಷ, ಯಾರೂ ಕಾಯಬೇಕಿಲ್ಲ! ಆದರೆ ಗಾಯಾಳುಗಳು ಹಾಗೆ ಸಾಲಾಗಿ ಬರುತ್ತಾರಾ? ಎರಡು ಟೆಂಪೋದಲ್ಲಿ 25 ಜನ ಒಟ್ಟಿಗೆ ಬಂದರೆ ಕೊನೆಯವರು 144 ನಿಮಿಷ ಕಾಯಬೇಕು. ಸರಾಸರಿಯೊಳಗೆ ಆ ಸಾಲು ಕಾಣುವುದೇ ಇಲ್ಲ.

ನೆಟ್‌ಲೋಗೋ ಅಂದರೆ ಜನ, ಗಾಡಿಗಳ ಓಡಾಟವನ್ನು ಪರದೆಯ ಮೇಲೆ ಆಡಿಸಿ ತೋರಿಸುವ ಸಾಫ್ಟ್‌ವೇರ್. ಉಚಿತ, ನೋಡಲೂ ಚೆಂದ. ಇದರಲ್ಲಿ ಓಡಾಡುವ ಪ್ರತಿಯೊಂದನ್ನೂ ‘ಆಮೆ’ ಅಂತಾರೆ, ಆಂಬುಲೆನ್ಸ್ ಕೂಡ ಆಮೆಯೇ. ನಮ್ಮ ಬಿಲ್ಡಿಂಗ್‌ನಲ್ಲಿರುವ ವಿಜಯಪುರ ಕಡೆಯ ಆಂಬುಲೆನ್ಸ್ ಡ್ರೈವರ್‌ಗೆ ತೋರಿಸಿದೆ. “ಏನ್ರೀ ಸರ, ನಿಮ್ಮ ಗಾಡಿ ಗುಡ್ಡಾ ಏರಿ ಬರಾಕತ್ತೈತಲ್ರೀ!” ಎಂದು ನಕ್ಕರು. ರಸ್ತೆ ಬಿಟ್ಟು ಹೋಗಬಾರದು ಎಂದು ಬರೆಯುವುದನ್ನೇ ಮರೆತಿದ್ದೆ. ಚಿತ್ರ ಇದ್ದದ್ದಕ್ಕೆ ತಪ್ಪು ಸಿಕ್ಕಿತು.

ಸಿಮ್‌ಪೈ ಕೂಡ ಇಂಥ ಸಾಲು, ಸರದಿಗಳನ್ನು ಕಂಪ್ಯೂಟರ್‌ನಲ್ಲಿ ನಡೆಸಿ ನೋಡುವ ಸಾಧನ. ಇದರಲ್ಲಿ ಚಿತ್ರವೇ ಇಲ್ಲ, ಬರೀ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೋಡ್. ಆದರೆ ಗಾಯ ಎಷ್ಟು ಗಂಭೀರ ಎಂದು ನೋಡಿ ಕೆಂಪು (ತುಂಬಾ ಗಂಭೀರ), ಹಳದಿ, ಹಸಿರು (ಸಣ್ಣ ಗಾಯ) ಚೀಟಿ ಕೊಟ್ಟು ಸಾಲಿನಲ್ಲಿ ಯಾರು ಮುಂದೆ ಎಂದು ಹೇಳುವುದು ಇದರಲ್ಲಿ ಸುಲಭ. ಚಿಕ್ಕ ಸಂಖ್ಯೆಗೇ ಮೊದಲ ಸರದಿ ಅನ್ನುವುದು ಗೊತ್ತಿಲ್ಲದೆ ಕೆಂಪು ಚೀಟಿಗೆ 3 ಕೊಟ್ಟಿದ್ದೆ. ತರಚು ಗಾಯದವರೆಲ್ಲ ಮೊದಲು ಒಳಗೆ ಹೋದರು! ಸರಿಮಾಡಿದ ಮೇಲೆ ಅಸಲಿ ತೊಂದರೆ ಬೇರೆಯೇ ಇತ್ತು. 12 ಜನ ಕೆಂಪು ಚೀಟಿಯವರನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ಗಾಡಿಗೆ ಒಬ್ಬರೇ, ಹೋಗಿಬರಲು 90 ನಿಮಿಷ. ಕೊನೆಯ ಇಬ್ಬರು ಹೊರಡುವಾಗ ಏಳೂವರೆ ಗಂಟೆ ಕಳೆದಿರುತ್ತದೆ. ಅಲ್ಲಿಯವರೆಗೂ ಹಾಸಿಗೆಗಳೆಲ್ಲ ಖಾಲಿಯಾಗಲ್ಲ. ಇನ್ನೊಬ್ಬ ಡಾಕ್ಟರನ್ನು ಸೇರಿಸಿದರೂ ಇದು ಅಷ್ಟೇನೂ ಬದಲಾಗಲಿಲ್ಲ. ಮೂರನೇ ಗಾಡಿ ಸೇರಿಸಿದಾಗ ಬದಲಾಯಿತು.

ಹಾಗಾಗಿ ನನ್ನ ಓಟು ಸಿಮ್‌ಪೈಗೆ. ಊರವರನ್ನು ಕೂರಿಸಿ ತೋರಿಸಲು ನೆಟ್‌ಲೋಗೋ. ಎಕ್ಸೆಲ್ ಸಲೈನ್ ಬಾಟಲಿ ಎಣಿಸಲು ಇರಲಿ.

ಡ್ರೈವರ್ ಹೋಗುವಾಗ ಇನ್ನೊಂದು ಕೇಳಿದರು: “ಟವರ್ ಬಿದ್ದಿದ್ರ ನಮಗ ಫೋನ್ ಯಾರ್ ಮಾಡ್ತಾರ್ರೀ?” ಮಾಳೀಣ್ ಮಣ್ಣಡಿ ಹೋದದ್ದು ಹೊರಗೆ ತಿಳಿದಿದ್ದೇ ಆ ದಾರಿಯಲ್ಲಿ ಬಂದ ಎಸ್‌ಟಿ (ಸರ್ಕಾರಿ ಸಾರಿಗೆ) ಬಸ್ಸಿನ ಡ್ರೈವರ್‌ನಿಂದ. ನನ್ನ ಮೂರೂ ಲೆಕ್ಕ ಶುರುವಾಗುವುದು ಫೋನ್ ಬಂದ ನಿಮಿಷದಿಂದ. ಈಗ ಅದನ್ನೇ ತಿದ್ದುತ್ತಿದ್ದೇನೆ.