ಜಿಂಬಾರನ್ ದಂಡೆಯ ಮೀನೂಟ: ಮೊದಲು ತಕ್ಕಡಿ, ಆಮೇಲೆ ಸೂರ್ಯಾಸ್ತ

ಬಾಲಿ ಪ್ರವಾಸದ ಪ್ಯಾಕೇಜು ಯಾರದ್ದೇ ಇರಲಿ, ಅದರಲ್ಲಿ ಒಂದು ಸಂಜೆ ಹೆಚ್ಚುಕಮ್ಮಿ ಹೀಗೇ ಇರುತ್ತದೆ: ಉಲುವಾಟು ದೇವಸ್ಥಾನ, ಅಲ್ಲೇ ಕೆಚಕ್ ಕುಣಿತ, ಅದು ಮುಗಿದ ಮೇಲೆ ಜಿಂಬಾರನ್ ಕಡಲ ದಂಡೆಯಲ್ಲಿ ಮೀನೂಟ. ಈ ಜೋಡಣೆಯೇ ತಪ್ಪು. ಕುಣಿತ ಮುಗಿದು, ಪಾರ್ಕಿಂಗಿನ ಗದ್ದಲದಿಂದ ವಾಹನ ಹೊರಬಿದ್ದು ಜಿಂಬಾರನ್ ಮುಟ್ಟುವಾಗ ಎಂಟು ಗಂಟೆಯ ಹತ್ತಿರ. ಸೂರ್ಯ ಎಂದೋ ಮುಳುಗಿದ್ದಾನೆ. ಐಸಿನ ಮೇಲಿದ್ದ ಒಳ್ಳೊಳ್ಳೆಯ ಮೀನು ಐದೂವರೆಗೆ ಬಂದವರ ಪಾಲಾಗಿದೆ. ಸುಡುವವರ ಮುಂದೆ ನಲವತ್ತು ಟೇಬಲ್ಲಿನ ಆರ್ಡರು ಒಟ್ಟಿಗೇ ಬಿದ್ದಿದೆ. ಜಿಂಬಾರನ್ ಚೆನ್ನಾಗಿಲ್ಲ ಎನ್ನುವವರಲ್ಲಿ ಬಹಳಷ್ಟು ಮಂದಿ ಎಂಟು ಗಂಟೆಯ ಗಿರಾಕಿಗಳು. ಉಲುವಾಟುವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡು ಇಲ್ಲಿಗೆ ಸಂಜೆ ಐದಕ್ಕೇ ಬನ್ನಿ. ಬಾಲಿಯಲ್ಲಿ ಸೂರ್ಯಾಸ್ತ ವರ್ಷವಿಡೀ 6ರಿಂದ 6.50ರ ಒಳಗೆ ಆಗಿಹೋಗುತ್ತದೆ.

ವಿಮಾನ ನಿಲ್ದಾಣದ ದಕ್ಷಿಣಕ್ಕೆ, ಪಡುವಣಕ್ಕೆ ಮುಖ ಮಾಡಿದ ಬಿಲ್ಲಿನಾಕಾರದ ಕೊಲ್ಲಿ ಇದು. ದಂಡೆಯಲ್ಲಿ ನಿಂತರೆ ಸಮುದ್ರದೊಳಕ್ಕೆ ಚಾಚಿದ ರನ್‌ವೇ ಮೇಲೆ ವಿಮಾನ ಇಳಿಯುವುದು ಕಾಣುತ್ತದೆ. ಉತ್ತರದ ತುದಿಯಲ್ಲಿ ಕೆಡೊಂಗಾನನ್ ಮೀನು ಮಾರುಕಟ್ಟೆ, ಅದರ ಪಕ್ಕದಿಂದ ಶುರುವಾಗುವ ಹೋಟೆಲುಗಳ ಸಾಲು. ದಕ್ಷಿಣದಲ್ಲಿ ಮುವಾಯಾ ದಂಡೆಯ ಸಾಲು. ನಡುವೆ ದೊಡ್ಡ ರೆಸಾರ್ಟುಗಳು, ಅವುಗಳ ಆಚೀಚೆ ಇನ್ನೊಂದಷ್ಟು ಹೋಟೆಲು. 2005ರ ಅಕ್ಟೋಬರ್ 1ರ ಬಾಂಬ್ ದಾಳಿಗೆ ತುತ್ತಾದ ಜಾಗಗಳಲ್ಲಿ ಮುವಾಯಾ ಕೂಡ ಒಂದು. ಆಮೇಲೆ ಬಹಳ ಕಾಲ ದಂಡೆ ಬಣಗುಟ್ಟಿತ್ತು. ಈಗ ಎರಡೂ ಕಡೆ ಜನವೋ ಜನ. ಮುವಾಯಾ ಸ್ವಲ್ಪ ಚೊಕ್ಕ, ದರ ಸ್ವಲ್ಪ ಮೇಲೆ. ಕೆಡೊಂಗಾನನ್‌ನಲ್ಲಿ ಸದ್ದು ಹೆಚ್ಚು, ಮಾರುಕಟ್ಟೆ ಕೂಗಳತೆಯಲ್ಲಿ. ಮೀನಿಗಾಗಿಯೇ ಹೋಗುವವರಿಗೆ ಉತ್ತರದ ಸಾಲೇ ವಾಸಿ.

ಹೊರಗಿನಿಂದ ನೋಡಿದರೆ ಎಲ್ಲ ಹೋಟೆಲೂ ಒಂದೇ ಥರ. ರಸ್ತೆ ಬದಿಗೆ ಐಸಿನ ಪೆಟ್ಟಿಗೆ, ನೀರಿನ ತೊಟ್ಟಿ, ತಕ್ಕಡಿ, ಸುಡುವ ಒಲೆ. ನಡುವೆ ಮಾಡು ಹಾಕಿದ ಹಜಾರ. ಅದರಾಚೆ ಮರಳಿನಲ್ಲಿ ಸಮುದ್ರದವರೆಗೂ ಟೇಬಲ್ಲು. ಬಂದವರು ಮಾಡುವ ಮೊದಲ ತಪ್ಪು, ನೇರ ಮರಳಿಗೆ ಹೋಗಿ ಕುಳಿತು ಮೆನು ಕಾರ್ಡು ಕೇಳುವುದು. ಮೆನು ಕಾರ್ಡಿನಲ್ಲಿ ಇರುವುದು ‘ಪಾಕೆಟ್’, ಅಂದರೆ ಇಬ್ಬರಿಗೆ, ನಾಲ್ವರಿಗೆ ಎಂದು ಕಟ್ಟಿಟ್ಟ ಊಟ: ಒಂದು ಮೀನು, ಕಡ್ಡಿಗೆ ಚುಚ್ಚಿದ ಸಿಗಡಿ, ಬೊಂಡಾಸ್ (ಸ್ಕ್ವಿಡ್), ಮರುವಾಯಿ ಚಿಪ್ಪು, ಅನ್ನ, ಸೂಪು, ಹಣ್ಣು. ಎಣಿಕೆಗೆ ಆರೇಳು ಪದಾರ್ಥ. ಆದರೆ ಮೀನಿನ ತೂಕ ಎಷ್ಟು ಎಂದು ಅದರಲ್ಲಿ ಸ್ಪಷ್ಟವಾಗಿರುವುದು ಅಪರೂಪ, ಆರಿಸುವುದೂ ನಿಮ್ಮ ಕೈಯಲ್ಲಿರುವುದಿಲ್ಲ. ತಟ್ಟೆಗೆ ಬರುವುದು ಅಂಗೈ ಅಗಲದ ಮೀನು. ಪಾಕೆಟ್ ಬೇಡವೆಂದು ಹೇಳಿ ಐಸಿನ ಪೆಟ್ಟಿಗೆಯ ಹತ್ತಿರ ಹೋಗಿ.

ಅಲ್ಲಿ ಹೆಸರುಗಳು ಬೇರೆ, ಮೀನು ಕರಾವಳಿಯವರಿಗೆ ಪರಿಚಯದ್ದೇ. ಕಾಕಪ್ ಮೇರಾ ಅಂದರೆ ನಮ್ಮ ಕೆಂಬೇರಿ, ಇಂಗ್ಲಿಷಿನ ರೆಡ್ ಸ್ನ್ಯಾಪರ್. ಕೆರಾಪು ಅಂದರೆ ಮುರು ಮೀನು. ಚುಮಿ ಬೊಂಡಾಸ್, ಉಡಾಂಗ್ ಸಿಗಡಿ, ಕೆಪಿಟಿಂಗ್ ಏಡಿ, ಕೆರಾಂಗ್ ಚಿಪ್ಪು. ಬರೋನಾಂಗ್ ಎಂಬ ಚಪ್ಪಟೆ ಮೀನು ರುಚಿ, ಆದರೆ ರೆಕ್ಕೆಯ ಮುಳ್ಳು ಚೂಪು. ಮೊಂಬತ್ತಿ ಬೆಳಕಿನಲ್ಲಿ ಮಕ್ಕಳಿಗೆ ಬಿಡಿಸಿ ಕೊಡುವುದು ಕಷ್ಟ. ನೋಡುವ ಕ್ರಮ ಮಲ್ಪೆಯಲ್ಲಿ ಹೇಗೋ ಇಲ್ಲೂ ಹಾಗೇ. ಕಿವಿರು ಎತ್ತಿದರೆ ಕಡುಗೆಂಪು ಇರಬೇಕು, ಕಂದಾಗಿರಬಾರದು. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಹೊಟ್ಟೆಯ ಮೇಲೆ ಬೆರಳೊತ್ತಿದರೆ ಗುಳಿ ಉಳಿಯಬಾರದು. ಮುಟ್ಟಿ ನೋಡಿದರೆ ಯಾರೂ ಬೇಸರ ಪಡುವುದಿಲ್ಲ. ಮುಟ್ಟಲು ಬಿಡದ ಕಡೆ ನಿಲ್ಲುವುದೇ ಬೇಡ. ಕತ್ತರಿಸಿಟ್ಟ ಕೇದರ್, ಅಂದರೆ ಟ್ಯೂನಾ ಮೀನಿನ ತುಂಡು ಇದ್ದರೆ ಬಿಟ್ಟುಬಿಡಿ. ಆ ಜಾತಿಯ ಮೀನು ತಂಪು ತಪ್ಪಿದರೆ ಅದರೊಳಗೆ ಹಿಸ್ಟಮಿನ್ ಕೂಡಿಕೊಳ್ಳುತ್ತದೆ, ಬೇಯಿಸಿದರೂ ಅದು ಹೋಗದು. ಮುಖ ಕೆಂಪಾಗಿ ಮೈ ತುರಿಸುವುದು ಅದರಿಂದಲೇ.

ಗಾತ್ರದ ವಿಷಯದಲ್ಲಿ ಆಸೆ ಬೇಡ. 800 ಗ್ರಾಂನಿಂದ 1.2 ಕೆಜಿ ತೂಗುವ ಕೆಂಬೇರಿ ಈ ಒಲೆಗೆ ಹೇಳಿ ಮಾಡಿಸಿದ್ದು. ಎರಡು ಕೆಜಿಯದ್ದನ್ನು ಹಾಕಿದರೆ ಮೇಲೆ ಸೀದು, ಬೆನ್ನುಮೂಳೆಯ ಹತ್ತಿರ ಹಸಿ ಉಳಿಯುತ್ತದೆ. ನಾಲ್ಕು ಜನರಿದ್ದರೆ ದೊಡ್ಡದೊಂದರ ಬದಲು ಕಿಲೋ ತೂಗುವ ಎರಡು ತೆಗೆದುಕೊಳ್ಳಿ. ಬರೀ ಮೀನೇ ಆದರೆ ತಲೆಗೆ 400-500 ಗ್ರಾಂ ಲೆಕ್ಕ, ಜೊತೆಗೆ ಸಿಗಡಿ, ಬೊಂಡಾಸ್ ಇದ್ದರೆ 300 ಗ್ರಾಂ ಸಾಕು. ತೂಕ ಹಾಕುವುದು ಹೊಟ್ಟೆ ಸೀಳುವ ಮೊದಲು. ತಲೆ, ಮೂಳೆ, ಕರುಳು ಕಳೆದರೆ ತಿನ್ನಲು ಸಿಗುವುದು ಹತ್ತಿರ ಹತ್ತಿರ ಅರ್ಧ.

ಇನ್ನು ತಕ್ಕಡಿ. ಈ ಊಟ ಚೆನ್ನಾಗಾಗುವುದೂ ಕೆಡುವುದೂ ಇಲ್ಲೇ. ಖಾಲಿ ತಟ್ಟೆ ಇಟ್ಟಾಗ ಸೊನ್ನೆ ತೋರಿಸುತ್ತದೆಯೇ ನೋಡಿ. ಬುಟ್ಟಿಯಲ್ಲೋ ಚೀಲದಲ್ಲೋ ನೀರು ನಿಂತಿದ್ದರೆ ಬಸಿದು ಹಾಕಲು ಹೇಳಿ; ಸಿಗಡಿ, ಚಿಪ್ಪು ತೂಗುವಾಗ ಆ ನೀರೇ ನೂರಿನ್ನೂರು ಗ್ರಾಂ ತೂಗುತ್ತದೆ. ಆಮೇಲೆ ಫಲಕದ ದರ ಕಿಲೋಗೋ ‘ಒನ್ಸ್’ಗೋ ಎಂದು ಕೇಳಿ. ಇಂಡೊನೇಷ್ಯಾದಲ್ಲಿ ಒಂದು ಒನ್ಸ್ ಅಂದರೆ 100 ಗ್ರಾಂ. ಲಾಬ್‌ಸ್ಟರ್, ಏಡಿಗಳ ಮುಂದೆ ಬರೆದಿರುವ ಅಂಕಿ ಅಗ್ಗವಾಗಿ ಕಂಡರೆ ಅದು ಬಹುಶಃ ಒನ್ಸ್ ದರ. ಹತ್ತರಿಂದ ಗುಣಿಸಿದಾಗ ನಿಜ ತಿಳಿಯುತ್ತದೆ. ತೂಕ, ದರ, ಒಟ್ಟು ಮೂರನ್ನೂ ಚೀಟಿಯಲ್ಲಿ ಬರೆಸಿ, ತಕ್ಕಡಿಯ ಅಂಕಿಯ ಜೊತೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಚೌಕಾಸಿಗೆ ಇದೇ ಜಾಗ, ಇದೇ ಹೊತ್ತು. ಮೀನು ಒಲೆಗೆ ಹೋದ ಮೇಲೆ ಮಾತಿಗೆ ಬೆಲೆಯಿಲ್ಲ.

ಇಂಡೊನೇಷ್ಯಾದ ಹಣ ರೂಪಾಯಾದ ಸೊನ್ನೆಗಳಿಗೆ ಹೆದರಬೇಕಿಲ್ಲ. ಒಂದು ಲಕ್ಷ ರೂಪಾಯಾ ಅಂದರೆ ನಮ್ಮ ಐನೂರರಿಂದ ಆರುನೂರು ರೂಪಾಯಿ. ಆದರೆ ಫಲಕದಲ್ಲಿ ದರದ ಮುಂದೆ ಎರಡು ಕೂಡಿಸುವ ಚಿಹ್ನೆ ಇದ್ದರೆ ಸೇವಾ ಶುಲ್ಕವೂ 10 ಶೇಕಡಾ ತೆರಿಗೆಯೂ ಬೇರೆ ಎಂದರ್ಥ. ಸೇವಾ ಶುಲ್ಕ 10 ಶೇಕಡಾ ಇದ್ದು ಅದರ ಮೇಲೆ ತೆರಿಗೆ ಬಿದ್ದರೆ ಒಟ್ಟು 21 ಶೇಕಡಾ. ಲೆಕ್ಕಕ್ಕೆ ಕಿಲೋಗೆ 1,80,000 ರೂಪಾಯಾ ಎಂದಿಟ್ಟುಕೊಳ್ಳಿ. 1.2 ಕೆಜಿ ಮೀನಿಗೆ 2,16,000 ಆಯಿತು, ಬಿಲ್ಲಿಗೆ ಬರುವಾಗ 2,61,360. ಅನ್ನ, ಸಾಂಬಾಲ್ ಎಂಬ ಮೆಣಸಿನ ಚಟ್ನಿ, ಸೊಪ್ಪು ಈ ದರದಲ್ಲೇ ಸೇರಿವೆಯೇ ಎನ್ನುವುದನ್ನೂ ಆಗಲೇ ಕೇಳಿ. ಕೆಲವೆಡೆ ಸೇರಿರುತ್ತದೆ, ಕೆಲವೆಡೆ ಬಟ್ಟಲು ಬಟ್ಟಲಿಗೂ ಲೆಕ್ಕ. ಕಾರ್ಡಿನಲ್ಲಿ ಕೊಟ್ಟರೆ ಮೇಲಿಷ್ಟು ಎನ್ನುವುದೂ ಉಂಟು, ನಗದು ಇದ್ದರೆ ಒಳ್ಳೆಯದು.

ಈಗ ಒಲೆ. ಜಿಂಬಾರನ್‌ನ ಹೆಸರು ನಿಂತಿರುವುದು ತೆಂಗಿನಕಾಯಿ ಸಿಪ್ಪೆಯ ಮೇಲೆ. ಇದ್ದಿಲಲ್ಲ, ಸೌದೆಯಲ್ಲ, ನಮ್ಮಲ್ಲಿ ಬಚ್ಚಲೊಲೆಗೆ ಹಾಕುವ ಅದೇ ಸಿಪ್ಪೆ. ಉದ್ದನೆಯ ತೊಟ್ಟಿಯಲ್ಲಿ ಸಿಪ್ಪೆ ಒಟ್ಟಿ ಹಚ್ಚಿ, ಉರಿ ಇಳಿದು ನಾರು ಕೆಂಪಗೆ ಕೆಂಡವಾದಾಗ ಜಾಲರಿ ಇಡುತ್ತಾರೆ. ನಾರಿನ ಕೆಂಡ ಬೇಗ ಕಾವೇರುತ್ತದೆ, ಬೇಗ ಬೂದಿಯಾಗುತ್ತದೆ, ಹೊಗೆ ದಟ್ಟ. ಆ ಹೊಗೆಯೇ ಇಲ್ಲಿನ ಅರ್ಧ ರುಚಿ. ಬೇಗ ಆರುವ ಕೆಂಡವಾದ್ದರಿಂದ ಸುಡುವವನು ಒಲೆ ಬಿಟ್ಟು ಕದಲುವಂತಿಲ್ಲ. ಒಂದು ಕೈಯಲ್ಲಿ ಬೀಸಣಿಗೆ, ಒಂದು ಕೈಯಲ್ಲಿ ಮಸಾಲೆ ಸವರುವ ಕುಂಚ. ಜನ ನುಗ್ಗಿದ ಹೊತ್ತಿನಲ್ಲಿ ಕೆಲವರು ಇದ್ದಿಲು ಬೆರೆಸುತ್ತಾರೆ, ಆಗ ಬೇಯುವುದೇನೋ ಬೇಯುತ್ತದೆ, ಆ ವಾಸನೆ ಮಾತ್ರ ಇರುವುದಿಲ್ಲ. ಹೋಟೆಲು ಆರಿಸುವಾಗ ಹೆಸರಿನ ಬೋರ್ಡಿಗಿಂತ ಒಲೆಯ ಪಕ್ಕದ ಸಿಪ್ಪೆಯ ರಾಶಿ ನೋಡುವುದು ಮೇಲು.

ಮೀನನ್ನು ಬೆನ್ನಿನ ಕಡೆಯಿಂದ ಸೀಳಿ ಪುಸ್ತಕದಂತೆ ಬಿಡಿಸಿ ಜೋಡಿ ಜಾಲರಿಯೊಳಗೆ ಬಿಗಿಯುತ್ತಾರೆ. ಮೊದಲು ಉಪ್ಪು, ಹುಳಿ, ಎಣ್ಣೆ ಸವರಿ ಮಾಂಸದ ಬದಿಗೆ ಸ್ವಲ್ಪ ಕಾವು, ಆಮೇಲೆ ತಿರುವಿ ಚರ್ಮದ ಬದಿಗೆ ನಿಧಾನ. ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಮೆಣಸು ಅರೆದು ಕೆಚಾಪ್ ಮಾನಿಸ್ ಎಂಬ ತಾಳೆಬೆಲ್ಲದ ಸೋಯಾ ಸಾಸಿನಲ್ಲಿ ಕಲೆಸಿದ ಮಸಾಲೆಯನ್ನು ಕೊನೆಯ ಐದಾರು ನಿಮಿಷಕ್ಕೆ ಎರಡು ಮೂರು ಸಲ ಹಚ್ಚಬೇಕು. ಅವಸರದಲ್ಲಿ ಮೊದಲೇ ಬಳಿದರೆ ಬೆಲ್ಲ ಸೀದು ಕಹಿ, ಒಳಗೆ ಹಸಿ. ಎಂಟು ಗಂಟೆಯ ತಟ್ಟೆಗಳಲ್ಲಿ ಕಾಣುವ ದೋಷ ಹೆಚ್ಚಾಗಿ ಇದೇ. ಸರಿಯಾಗಿ ಸುಟ್ಟದ್ದು ಬಂದಾಗ ಅಂಚು ಕಪ್ಪು, ಮೇಲ್ಮೈ ಕಂದು, ಬೆರಳಲ್ಲಿ ಒತ್ತಿದರೆ ಬಿಳಿ ಮಾಂಸ ದಳದಳವಾಗಿ ಬಿಟ್ಟುಕೊಳ್ಳುತ್ತದೆ, ಸೀಳಿನಲ್ಲಿ ರಸ ಇನ್ನೂ ಗುಳುಗುಳು ಅನ್ನುತ್ತಿರುತ್ತದೆ. ಕಿಲೋ ಮೀನಿಗೆ ಒಲೆಯ ಮೇಲೆ 15-20 ನಿಮಿಷ. ಆರ್ಡರು ಕೊಟ್ಟು ಏಳೆಂಟು ನಿಮಿಷಕ್ಕೇ ತಂದಿಟ್ಟರೆ ಅದು ಮೊದಲೇ ಅರೆ ಬೇಯಿಸಿಟ್ಟದ್ದು.

ಸವರುವ ಮಸಾಲೆ ನಮ್ಮ ನಾಲಗೆಗೆ ಸಿಹಿಯೇ. ಬ್ಯಾಡಗಿ ಮೆಣಸು, ಹುಣಸೆಹುಳಿಯ ಮೀನು ತಿಂದವರಿಗೆ ಮೊದಲ ತುತ್ತು ವಿಚಿತ್ರ ಅನಿಸಬಹುದು. ಕೆಚಾಪ್ ಬೇಡ, ಬೆಳ್ಳುಳ್ಳಿ-ಉಪ್ಪು-ನಿಂಬೆ ಸಾಕು ಎಂದರೆ ಹಾಗೇ ಮಾಡಿಕೊಡುತ್ತಾರೆ. ಎರಡು ಮೀನು ಹೇಳಿದ್ದರೆ ಒಂದು ಹಾಗೆ, ಒಂದು ಹೀಗೆ ಹೇಳಿ. ಖಾರಕ್ಕೆ ಸಾಂಬಾಲ್ ಮಾತಾ ಇದೆಯಲ್ಲ. ತೆಳ್ಳಗೆ ಹೆಚ್ಚಿದ ಸಣ್ಣ ಈರುಳ್ಳಿ, ಮಜ್ಜಿಗೆ ಹುಲ್ಲಿನ ಬುಡದ ಬಿಳಿ ಭಾಗ, ಸೂಜಿಮೆಣಸು, ಕಾಡುನಿಂಬೆಯಂಥ ಒಂದು ಎಲೆ, ನಿಂಬೆರಸ; ಇಷ್ಟರ ಮೇಲೆ ಕಾದ ತೆಂಗಿನೆಣ್ಣೆ ಹುಯ್ದು ಕಲೆಸಿದ್ದು. ಬೇಯಿಸಿದ್ದಲ್ಲ. ಈರುಳ್ಳಿ ಇನ್ನೂ ಕರುಂ ಅನ್ನಬೇಕು. ಮಧ್ಯಾಹ್ನ ಮಾಡಿಟ್ಟದ್ದಾದರೆ ನೀರು ಬಿಟ್ಟು ಸಪ್ಪೆಯಾಗಿರುತ್ತದೆ, ಹೊಸದು ಕೇಳಿ. ಬಿಸಿ ಅನ್ನ, ಒಂದು ಎಸಳು ಕೆಂಬೇರಿ, ಮೇಲೆ ಇದರ ಒಂದು ಚಮಚ. ಬಾಲಿಯ ಊಟಗಳಲ್ಲಿ ಇದಕ್ಕೆ ಸಮ ಬರುವುದು ಕಡಿಮೆ.

ಬೊಂಡಾಸ್ ಚೆನ್ನಾಗಿರುತ್ತದೆ, ಚಿಕ್ಕದನ್ನೇ ಆರಿಸಿ. ಬದಿಗೆ ಎರಡು ಮೂರು ನಿಮಿಷ ಮೀರಿದರೆ ರಬ್ಬರು. ಸಾಂಬಾಲ್ ಹಚ್ಚಿ ಸುಟ್ಟ ಚಿಪ್ಪು ಅಗ್ಗ, ರುಚಿ. ಬಾಯಿ ಬಿಡದ ಚಿಪ್ಪು ತಿನ್ನಬೇಡಿ. ಏಡಿ ಮತ್ತು ಲಾಬ್‌ಸ್ಟರ್ ಮಾತ್ರ ಇಲ್ಲಿ ದಂಡ. ತೂಕದ ಅರ್ಧಕ್ಕಿಂತ ಹೆಚ್ಚು ಬರೀ ಚಿಪ್ಪು, ಬಿರುಸು ಕೆಂಡದಲ್ಲಿ ಮಾಂಸ ಒಣಗುತ್ತದೆ, ಮೇಲೆ ಸುರಿದ ಬೆಳ್ಳುಳ್ಳಿ ಬೆಣ್ಣೆಯ ರುಚಿಯೇ ಉಳಿಯುವುದು.

ಟೇಬಲ್ಲಿನ ವಿಚಾರ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣ ಹವೆ, ಗಾಳಿ ಆಗ್ನೇಯದಿಂದ, ಅಂದರೆ ನೆಲದಿಂದ ಕಡಲಿಗೆ. ಒಲೆ ಇರುವುದು ಹಿಂದೆ, ಹಾಗಾಗಿ ಹೊಗೆ ಎಲ್ಲ ಟೇಬಲ್ಲುಗಳ ಮೇಲೇ ಹಾಯುತ್ತದೆ. ಒಲೆಯ ನೇರಕ್ಕೆ ಕೂರದೆ ಪಕ್ಕಕ್ಕೆ ಸರಿದು, ನೀರಿನ ಹತ್ತಿರದ ಎರಡನೆಯ ಸಾಲು ಹಿಡಿಯಿರಿ. ಮೊದಲ ಸಾಲಿಗೆ ಭರತದ ಹೊತ್ತಿನಲ್ಲಿ ಅಲೆ ಬಂದು ಕುರ್ಚಿಯ ಕಾಲು ಹೂತುಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇನ್ನೂ ಹೆಚ್ಚು. ನವೆಂಬರ್‌ನಿಂದ ಮಾರ್ಚ್‌ವರೆಗೆ ಪಡುಗಾಳಿ ಬೀಸಿ ಕಡಲಿನ ಪ್ಲಾಸ್ಟಿಕ್ಕು ಕಸವೆಲ್ಲ ಈ ದಂಡೆಗೇ ಬಂದು ಬೀಳುತ್ತದೆ, ದೋಣಿ ಇಳಿಯುವುದೂ ಕಡಿಮೆ. ಆ ತಿಂಗಳುಗಳಲ್ಲಿ ಹೋದರೆ ಮಾಡಿನ ಕೆಳಗೆ ಕೂರುವ ಲೆಕ್ಕ ಹಾಕಿಕೊಳ್ಳಿ. ಸಾಮಾನ್ಯವಾಗಿ ಮಾರ್ಚಿನಲ್ಲಿ ಬರುವ ನ್ಯೇಪಿ ಎಂಬ ಬಾಲಿ ಹೊಸ ವರ್ಷದ ಮೌನದ ದಿನ ಇಡೀ ದ್ವೀಪವೇ ಮುಚ್ಚಿರುತ್ತದೆ.

ಸಸ್ಯಾಹಾರಿಗಳು ಜೊತೆಗಿದ್ದರೆ ಎಚ್ಚರ ಬೇಕು. ಪ್ಲೆಚಿಂಗ್ ಕಾಂಗ್‌ಕುಂಗ್ ಎಂದು ಬರುವ ಸೊಪ್ಪಿನ ಪದಾರ್ಥ ನೋಡಲು ಬರೀ ಸೊಪ್ಪು, ಟೊಮೆಟೊ. ಆದರೆ ಅದರ ಸಾಂಬಾಲ್‌ನಲ್ಲಿ ತೆರಾಸಿ, ಅಂದರೆ ಕೊಳೆಸಿ ಒಣಗಿಸಿದ ಸಿಗಡಿಯ ಮುದ್ದೆ ಇರುತ್ತದೆ. ಸಾಂಬಾಲ್ ಮಾತಾದಲ್ಲೂ ಎಷ್ಟೋ ಕಡೆ ಹಾಕುತ್ತಾರೆ. ಟೇಬಲ್ಲಿನ ಹಪ್ಪಳವೂ ಸಿಗಡಿಯದ್ದೇ ಇರಬಹುದು. ‘ತಾನ್ಪಾ ತೆರಾಸಿ’ ಎಂದರೆ ತೆರಾಸಿ ಇಲ್ಲದೆ ಎಂದು. ಹಾಗೆ ಹೇಳಿ ಕರಿದ ತೆಂಪೆ (ಸೋಯಾ ಕಾಳಿನ ಬಿಲ್ಲೆ), ತಾಹು (ತೋಫು), ಅನ್ನ ತರಿಸಬಹುದು, ಆದರೆ ಎಲ್ಲವೂ ಅದೇ ಬಾಣಲೆ, ಅದೇ ಜಾಲರಿ. ಕಟ್ಟುನಿಟ್ಟಿನವರಿಗೆ ಎಳನೀರು, ಹಣ್ಣು ಬಿಟ್ಟರೆ ಇಲ್ಲಿ ಏನೂ ಇಲ್ಲ, ಅವರ ಊಟ ಮೊದಲೇ ಮುಗಿಸಿಕೊಂಡು ಬರುವುದು ಒಳ್ಳೆಯದು. ಕುಡಿಯುವವರು ಬಿಡಿಯಾಗಿ ಸುರಿದು ಕೊಡುವ ಅರಾಕ್ ಎಂಬ ಸ್ಥಳೀಯ ಸಾರಾಯಿ ಮುಟ್ಟಬೇಡಿ. ಮೆಥನಾಲ್ ಬೆರೆತ ಅರಾಕಿನಿಂದ ಬಾಲಿಯಲ್ಲಿ ಸಾವುಗಳಾಗಿವೆ.

ಖರ್ಚು ಇಳಿಸಬೇಕೆಂದರೆ ಬೆಳಗಿನ ದಾರಿ ಇದೆ. ಕೆಡೊಂಗಾನನ್ ಮಾರುಕಟ್ಟೆಗೆ ಒಂಬತ್ತರೊಳಗೆ ಹೋಗಿ, ಮೀನು ಕೊಂಡು, ಪಕ್ಕದಲ್ಲೇ ಸುಟ್ಟುಕೊಡುವ ಚಿಕ್ಕ ಅಂಗಡಿಗೆ ಕೊಟ್ಟರೆ ಕಿಲೋ ಲೆಕ್ಕದಲ್ಲಿ ಕೂಲಿ ತೆಗೆದುಕೊಂಡು ಸುಟ್ಟು ಕೊಡುತ್ತಾರೆ. ಅನ್ನ, ಸಾಂಬಾಲ್‌ಗೆ ಬೇರೆ. ಬೆಲೆ ಕೇಳದೆ ಮೀನು ಎತ್ತಬೇಡಿ, ನೆಲ ಜಾರುತ್ತದೆ, ಹಿಡಿತದ ಚಪ್ಪಲಿ ಇರಲಿ. ಸೂರ್ಯಾಸ್ತ ಇಲ್ಲ, ಮೊಂಬತ್ತಿ ಇಲ್ಲ, ಮೀನು ಮಾತ್ರ ದಂಡೆಯಲ್ಲಿ ಸಂಜೆ ಸಿಗುವುದಕ್ಕಿಂತ ಹೊಸದು. ಕೊಲ್ಲಿಯ ಬಣ್ಣಬಣ್ಣದ ಜುಕುಂಗ್ ದೋಣಿಗಳು ಬಲೆ ಇಳಿಸುವುದನ್ನೂ ನೋಡಬಹುದು.

ಬರುವುದು ಹೇಗೆ ಎನ್ನುವುದೂ ಬಿಲ್ಲಿಗೆ ಸೇರುತ್ತದೆ. ಡ್ರೈವರು ತಾನಾಗಿ ಒಂದು ಹೋಟೆಲಿನ ಹೆಸರು ಹೇಳಿ ಅಲ್ಲೇ ನಿಲ್ಲಿಸಿದರೆ ಅವನಿಗೆ ಕಮಿಷನ್ ಇದ್ದೀತು, ಅದು ಕಿಲೋ ದರದ ಮೇಲೆ ಕೂರುತ್ತದೆ. ಮಾರುಕಟ್ಟೆಯ ಮುಂದೆ ಇಳಿದುಕೊಂಡು ಸಾಲಿನುದ್ದಕ್ಕೂ ನಡೆದು, ಮೂರು ಕಡೆ ಕೆಂಬೇರಿಯ ದರ ಕೇಳಿ ಒಂದನ್ನು ಹಿಡಿಯಿರಿ. ಹತ್ತು ನಿಮಿಷದ ಕೆಲಸ. ವಾಪಸಿಗೆ ಮೊದಲೇ ವಾಹನ ಗೊತ್ತು ಮಾಡಿಕೊಂಡಿರಿ, ರಾತ್ರಿ ಒಂಬತ್ತರ ಮೇಲೆ ಆ ಓಣಿಗಳಲ್ಲಿ ನಿಂತು ಆ್ಯಪ್‌ನಲ್ಲಿ ಕಾರು ಕರೆದರೆ ಬೇಗ ಬರುವುದಿಲ್ಲ.